ಗಾಂಗೂಜ್ಲರ್‌ಗೆ ಕನ್ನಡದಲ್ಲಿ ಏನಂತಾರೆ?

ಶುಕ್ರವಾರದ ಕ್ಲಬ್ ಮೀಟಿಂಗ್‌ನಲ್ಲಿ ನಾವು ಆಡೋ ಪದದಾಟ ನಿಮಗೆ ಗೊತ್ತೇ ಇದೆ. ಒಬ್ಬರು ಒಂದು ಇಂಗ್ಲಿಷ್ ಪದ ತರಬೇಕು, ಉಳಿದವರು ಹತ್ತು ನಿಮಿಷದಲ್ಲಿ ಅದಕ್ಕೊಂದು ಕನ್ನಡ ಪದ ಕಟ್ಟಬೇಕು. ಮೊಬೈಲ್ ಮುಟ್ಟೋ ಹಾಗಿಲ್ಲ, ನಿಘಂಟು ತೆಗೆಯೋ ಹಾಗಿಲ್ಲ. ಇತ್ತೀಚಿನ ಒಂದು ಶುಕ್ರವಾರ ಬಂದ ಪದ ‘ಗಾಂಗೂಜ್ಲರ್’. ಮೊದಲು ಎಲ್ಲರೂ ಅದು ಯಾವುದೋ ಆ್ಯಪ್ ಹೆಸರು ಅಂದ್ಕೊಂಡ್ವಿ. ಒಬ್ಬ ಅಂತೂ ಗೂಗಲ್‌ನ ಹೊಸ ಇಂಟರ್ನ್‌ಶಿಪ್ಪಾ ಅಂತ ಕೇಳಿದ. ಪದ ತಂದವಳು ಅರ್ಥ ಹೇಳಿದಾಗ ಇಡೀ ರೂಮು ನಕ್ಕಿತು, ಯಾಕಂದ್ರೆ ಅರ್ಥ ಅಂದ್ರೆ ನಾವೇ. ಕೆಲಸ ಇಲ್ಲದೆ, ಒಂದೇ ಕಡೆ ನಿಂತು, ಕಣ್ಣೆದುರು ನಡೀತಿರೋದನ್ನ ಗಂಟೆಗಟ್ಟಲೆ ಬಾಯಿ ಬಿಟ್ಕೊಂಡು ನೋಡೋನು.

ಹತ್ತು ನಿಮಿಷ ಮುಗಿಯೋ ಹೊತ್ತಿಗೆ ಬೋರ್ಡ್ ಮೇಲೆ ‘ಬಾಯ್ಬಿಡುಕ’, ‘ಕಟ್ಟೆಗಣ್ಣ’, ‘ನಿಂತ್ನೋಡಪ್ಪ’ ಅಂತ ಮೂರು ಇದ್ದವು. ಯಾವುದನ್ನೂ ಒಪ್ಪೋಕೆ ಆಗಲಿಲ್ಲ. ಮತ್ತೆ ಕೂತು ಈ ಪದದ ಹಿಂದೆ ಬಿದ್ದಾಗ, ಇದು ಬರೀ ತಮಾಷೆಯ ಪದ ಅಲ್ಲ, ಅದರಲ್ಲಿ ನಮಗೂ ಒಂದು ಏಟಿದೆ ಅಂತ ಗೊತ್ತಾಯ್ತು. ಅದಕ್ಕೇ ಈ ಬರಹ.

ಪದ ಹುಟ್ಟಿದ್ದು ಇಂಗ್ಲೆಂಡಿನ ಕಾಲುವೆಗಳ ದಂಡೆ ಮೇಲೆ. ಅಚ್ಚಿನಲ್ಲಿ ಅದು ಮೊದಲು ಕಾಣಿಸ್ಕೊಂಡಿದ್ದು 1904ರಲ್ಲಿ, ಹೆನ್ರಿ ರೊಡಾಲ್ಫ್ ಡಿ ಸಾಲಿಸ್ ಅನ್ನೋರು ಸಿದ್ಧಪಡಿಸಿದ ‘ಬ್ರಾಡ್‌ಶಾ’ ಕಾಲುವೆ ಕೈಪಿಡಿಯಲ್ಲಿ. ಈ ಮನುಷ್ಯ ಒಂದು ಸರಕು ದೋಣಿ ಕಂಪನಿಯ ನಿರ್ದೇಶಕ. ಆಫೀಸಲ್ಲಿ ಕೂತು ಬರೆದವನಲ್ಲ. ಹನ್ನೊಂದು ವರ್ಷ ತನ್ನ ದೋಣಿಯಲ್ಲಿ 14,000 ಮೈಲಿಗೂ ಹೆಚ್ಚು ದೂರ ಓಡಾಡಿ, ಯಾವ ಕಾಲುವೆ ಎಷ್ಟು ಅಗಲ, ಎಲ್ಲಿ ಎಷ್ಟು ಲಾಕ್, ಯಾವ ಸೇತುವೆ ಎಷ್ಟು ತಗ್ಗು ಅಂತ ಬರ್ಕೊಂಡು ಬಂದ. ಪುಸ್ತಕದಲ್ಲಿ ದೋಣಿಯವರ ಮಾತುಗಳ ಒಂದು ಪದಕೋಶ ಸೇರಿಸಿದ. ಅದರಲ್ಲಿ ಗೇಟು, ಕವಾಟ, ಹಗ್ಗಗಳ ಹೆಸರುಗಳ ಜೊತೆಗೇ ಗಾಂಗೂಜ್ಲರ್‌ಗೂ ಜಾಗ ಸಿಕ್ಕಿತು. ವಿಶೇಷವಾದದ್ದು ಏನೇ ಕಂಡರೂ ತುಂಬಾ ಹೊತ್ತು ದಿಟ್ಟಿಸ್ತಾ ನಿಲ್ಲೋ ಸೋಮಾರಿ ಕುತೂಹಲಿ ಅನ್ನೋದು ಅಲ್ಲಿರೋ ವಿವರಣೆಯ ಸಾರಾಂಶ.

ಮೂಲ ಎಲ್ಲಿದು ಅಂತ ಹುಡುಕಿದ್ರೆ ಎರಡು ದಾರಿ ಸಿಗುತ್ತೆ. ಡಿ ಸಾಲಿಸ್ ಪ್ರಕಾರ ಇದು ಇಂಗ್ಲೆಂಡಿನ ವಾಯವ್ಯಕ್ಕಿರೋ ಲೇಕ್ ಡಿಸ್ಟ್ರಿಕ್ಟ್ ಕಡೆಯ ಮಾತು ಅನ್ನೋ ನಂಬಿಕೆ ಇತ್ತು. ಆಮೇಲಿನವರು ಬೊಟ್ಟು ಮಾಡೋದು ಪೂರ್ವ ಕರಾವಳಿಯ ಲಿಂಕನ್‌ಶೈರ್ ಕಡೆಗೆ. ಅಲ್ಲಿನ ಆಡುಮಾತಲ್ಲಿ ‘ಗಾನ್’ ಅಂದ್ರೂ ದಿಟ್ಟಿಸು, ‘ಗೂಜ್’ ಅಂದ್ರೂ ದಿಟ್ಟಿಸು. ಎರಡೂ ಸೇರಿ ಗಾಂಗೂಜ್. ನಮಗೆ ಎರಡನೇದು ಹೆಚ್ಚು ಹಿಡಿಸ್ತು, ಯಾಕಂದ್ರೆ ನಾವೂ ಹಾಗೇ ಮಾಡ್ತೀವಲ್ಲ. ಕೆಲಸಕಾರ್ಯ, ಅಂದಚಂದ ಅಂತೀವಿ. ಅರ್ಥ ಒಂದೇ ಆದರೂ ಒಂದೇ ಪದದಲ್ಲಿ ಹೇಳಿದ್ರೆ ತೃಪ್ತಿ ಇಲ್ಲ. ಬರೀ ನೋಡಿದ್ರೆ ಒಂದು ಪದ ಸಾಕಿತ್ತು, ಇವನು ನೋಡೀ ನೋಡೀ ನೋಡೋನು. (ನಮ್ಮ ‘ತಮಾಷೆ’ಯ ಕಥೆಯೂ ಚೆನ್ನಾಗಿದೆ. ಪಾರ್ಸಿ ಮೂಲಕ ಬಂದ ಅರಬ್ಬೀ ಪದ, ಬೇರಿನಲ್ಲಿರೋ ಅರ್ಥ ನಡೆಯೋದು, ಅಡ್ಡಾಡೋದು. ಅಡ್ಡಾಡ್ತಾ ನೋಡಿದ್ದೇ ತಮಾಷೆ ಆಯ್ತು. ನಮ್ಮಲ್ಲಿಗೆ ಬಂದು ಜೋಕ್ ಆಯ್ತು. ‘ತಮಾಷೆ ನೋಡ್ತಾ ನಿಂತಿದ್ದಾನೆ’ ಅಂದಾಗ ಮಾತ್ರ ಹಳೇ ಅರ್ಥ ತಲೆ ಎತ್ತುತ್ತೆ.)

ಸರಿ, ಆ ಕಾಲುವೆ ದಂಡೆ ಮೇಲೆ ಅಂಥದ್ದೇನಿತ್ತು ನೋಡೋಕೆ? ಲಾಕ್. ನೀರಿನ ಮೆಟ್ಟಿಲು ಅನ್ನಬಹುದು. ಎರಡೂ ತುದಿಯಲ್ಲಿ ಗೇಟಿರೋ ಒಂದು ಕಲ್ಲಿನ ತೊಟ್ಟಿ. ದೋಣಿ ಒಳಗೆ ಬರುತ್ತೆ, ಹಿಂದಿನ ಗೇಟು ಮುಚ್ಚುತ್ತೆ, ಮೇಲಿಂದ ನೀರು ಬಿಟ್ರೆ ದೋಣಿ ನಿಧಾನಕ್ಕೆ ಮೇಲೇಳುತ್ತೆ. ಪಂಪ್ ಇಲ್ಲ, ಮೋಟರ್ ಇಲ್ಲ, ಎಲ್ಲಾ ಗುರುತ್ವಾಕರ್ಷಣೆಯದೇ ಕೆಲಸ. ಕಿರುಗಾಲುವೆಯ ದೋಣಿ 7 ಅಡಿ ಅಗಲ, 70 ಅಡಿ ಉದ್ದ. ಲಾಕೂ ಅದಕ್ಕೆ ಹೊಲಿದ ಅಂಗಿಯ ಹಾಗೆ ಅಷ್ಟೇ ಅಳತೆ. ನೀರು 7 ಅಡಿ ಏರಬೇಕು ಅಂದ್ರೆ ಗುಣಿಸಿ ನೋಡಿ, ಒಂದು ಸಲಕ್ಕೆ ಸುಮಾರು 1 ಲಕ್ಷ ಲೀಟರ್.

ವಿಡಿಯೋಗಳಲ್ಲಿ ನಮ್ಮ ಕಣ್ಣು ಹಿಡಿದಿದ್ದು ಒಂದು ಚಿಕ್ಕ ಕ್ಷಣ. ಒಬ್ಬ ಹೆಂಗಸು ಗೇಟಿನ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ಕಾಲು ಊರಿ ನೂಕ್ತಾಳೆ. ಗೇಟು ಅಲ್ಲಾಡಲ್ಲ. ಇನ್ನೂ ನೂಕ್ತಾಳೆ. ಅಲ್ಲಾಡಲ್ಲ. ಸುಮ್ನೆ ಒರಗಿ ನಿಲ್ತಾಳೆ. ಆಮೇಲೆ ಯಾರೂ ಏನೂ ಮಾಡದೇನೇ ಗೇಟು ಬೆಣ್ಣೆ ಥರ ತೆರ್ಕೊಳ್ಳುತ್ತೆ. ನಾವು ಲೆಕ್ಕ ಹಾಕಿದ್ವಿ. 2 ಮೀಟರ್ ಅಗಲ, 2 ಮೀಟರ್ ಆಳದ ಗೇಟು ಅಂತಿಟ್ಕೊಳ್ಳಿ. ಎರಡು ಕಡೆ ನೀರಿನ ಮಟ್ಟದಲ್ಲಿ ಬರೀ 10 ಸೆಂಟಿಮೀಟರ್ ವ್ಯತ್ಯಾಸ ಇದ್ರೂ ಅದರ ಮೇಲಿನ ಬಲ ಸುಮಾರು 400 ಕೆಜಿ ತೂಕಕ್ಕೆ ಸಮ. ಮಟ್ಟ ಸಮ ಆದ ತಕ್ಷಣ ಸೊನ್ನೆ. ಫ್ಲುಯಿಡ್ ಮೆಕ್ಯಾನಿಕ್ಸ್‌ನಲ್ಲಿ ಮುಳುಗಿದ ಹಲಗೆ ಮೇಲಿನ ಒತ್ತಡದ ಲೆಕ್ಕ ಎಷ್ಟು ಸಲ ಮಾಡಿಲ್ಲ ನಾವು? ಇಂಟರ್ನಲ್ಸ್‌ಗೆ ಉರು ಹೊಡೆದು ಬರೆದು, ಸಂಜೆ ಹೊತ್ತಿಗೆ ಮರೆತಿದ್ವಿ. ಆ ಹೆಂಗಸಿನ ಬೆನ್ನು ನೋಡಿದ ಮೇಲೆ ಮರೆಯೋಕಾಗ್ತಿಲ್ಲ.

ಅದಕ್ಕೇ ನಾವು ಹೇಳೋದು, ನಿಂತು ನೋಡೋನನ್ನ ಸೋಮಾರಿ ಅಂತ ಸುಮ್ನೆ ತಳ್ಳಿಹಾಕಬೇಡಿ. ಆ ಕಾಲುವೆಗಳ ಪಿತಾಮಹನೇ ಇಂಥವನು. ಜೇಮ್ಸ್ ಬ್ರಿಂಡ್ಲಿ, ಹುಟ್ಟಿದ್ದು 1716ರಲ್ಲಿ. ಓದುಬರಹ ಅಷ್ಟಕ್ಕಷ್ಟೆ. ಗಿರಣಿ ಯಂತ್ರ ಕಟ್ಟೋ ಒಬ್ಬ ಮೇಸ್ತ್ರಿ ಹತ್ರ ಕೆಲಸ ಕಲೀತಿದ್ದ. ಆ ಯಜಮಾನ ಒಂದು ಪೇಪರ್ ಮಿಲ್ ಕಟ್ಟಿಕೊಡ್ತೀನಿ ಅಂತ ಒಪ್ಕೊಂಡ, ಮಾದರಿ ನೋಡೋಕೆ ಮ್ಯಾಂಚೆಸ್ಟರ್‌ಗೆ ಹೋದ, ಕುಡಿದು ಏನೂ ತಲೆಗೆ ಹತ್ತಿಸ್ಕೊಳ್ಳದೆ ವಾಪಸ್ ಬಂದ. ಕೆಲಸ ಹಳ್ಳ ಹಿಡೀತಿದ್ದಾಗ ಹುಡುಗ ಬ್ರಿಂಡ್ಲಿ ವಾರದ ಕೊನೆಗೆ ಯಾರಿಗೂ ಹೇಳದೆ ನಡ್ಕೊಂಡೇ ಹೋಗಿ, ಆ ಮಿಲ್ ಮುಂದೆ ನಿಂತು ಒಂದೊಂದೇ ಭಾಗ ನೋಡಿ, ಎಲ್ಲಾ ತಲೇಲಿಟ್ಕೊಂಡು ನಡ್ಕೊಂಡೇ ಬಂದು ಸೋಮವಾರ ಕೆಲಸಕ್ಕೆ ನಿಂತ. ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದಿರೋ ಎಂಜಿನಿಯರುಗಳ ಜೀವನಚರಿತ್ರೆಯಲ್ಲಿ ಬರೋ ಕಥೆ ಇದು. ಸ್ಮೈಲ್ಸ್‌ಗೆ ಸ್ವಲ್ಪ ಉಪ್ಪುಖಾರ ಹಾಕೋ ಅಭ್ಯಾಸ ಇತ್ತು, ಇರಲಿ. ಆದ್ರೆ ಅದೇ ಬ್ರಿಂಡ್ಲಿ 1761ರಲ್ಲಿ ವರ್ಸ್ಲಿ ಗಣಿಯಿಂದ ಮ್ಯಾಂಚೆಸ್ಟರ್ ಕಡೆಗೆ ಕಲ್ಲಿದ್ದಲು ಸಾಗಿಸೋ ಬ್ರಿಜ್‌ವಾಟರ್ ಕಾಲುವೆಯನ್ನ ಬಾರ್ಟನ್ ಹತ್ರ ಇರ್ವೆಲ್ ನದಿ ಮೇಲಿಂದ ಸೇತುವೆಯಲ್ಲಿ ದಾಟಿಸಿದ್ದು ಕಥೆಯಲ್ಲ. ಕೆಳಗೆ ನದಿಯಲ್ಲಿ ದೋಣಿ, ಮೇಲೆ ಸೇತುವೆಯಲ್ಲಿ ದೋಣಿ. ಅದನ್ನ ನೋಡೋಕೇ ಊರೂರಿಂದ ಜನ ಬಂದ್ರು. ಇವತ್ತು ಆ ಜಾಗದಲ್ಲಿ 1894ರಲ್ಲಿ ಬಳಕೆಗೆ ಬಂದ ಇನ್ನೂ ವಿಚಿತ್ರವಾದದ್ದು ಇದೆ. ನೀರು ತುಂಬಿದ ಸುಮಾರು 1,450 ಟನ್ ತೂಕದ ಸೇತುವೆ, ಕೆಳಗೆ ಹಡಗು ಬಂದ್ರೆ ನೀರಿನ ಸಮೇತ ತಿರುಗಿ ದಾರಿ ಬಿಡುತ್ತೆ. ಅದರೊಳಗೆ ದೋಣಿ ಇದ್ರೂ ಇಲ್ಲದಿದ್ರೂ ತೂಕ ಒಂದೇ. ಯಾಕೆ ಅಂತ ಗೊತ್ತಿಲ್ಲದಿದ್ರೆ ನಿಮ್ಮ ಪಕ್ಕದ ಬೆಂಚಿನವರನ್ನ ಕೇಳಿ, ಅವರಿಗೂ ಗೊತ್ತಿಲ್ಲದಿದ್ರೆ ಆರ್ಕಿಮಿಡೀಸ್‌ನ ಕೇಳಿ.

ನೋಡೋ ಚಟ ಇರೋದು ಇಂಗ್ಲೆಂಡಿನಲ್ಲಿ ಮಾತ್ರ ಅಲ್ಲ. ಇಟಲಿಯ ಬೊಲೋನ್ಯದಲ್ಲಿ ರಿಟೈರ್ ಆದ ಅಜ್ಜಂದಿರು ಕೈ ಹಿಂದೆ ಕಟ್ಕೊಂಡು ರಸ್ತೆ ಅಗೆಯೋದನ್ನ ನೋಡ್ತಾ, ಕೇಳದೇ ಇದ್ರೂ ಸಲಹೆ ಕೊಡ್ತಾ ನಿಲ್ತಾರೆ. ಅವರಿಗೆ ‘ಉಮಾರೆಲ್’ ಅಂತ ಹೆಸರಿದೆ, ಪದ ಈಗ ಇಟಲಿಯ ನಿಘಂಟಿಗೂ ಸೇರಿದೆ. ನ್ಯೂಯಾರ್ಕ್‌ನಲ್ಲಿ ರಾಕ್‌ಫೆಲರ್ ಸೆಂಟರ್ ಕಟ್ಟೋವಾಗ ನಿಂತು ನೋಡ್ತಿದ್ದ ಒಬ್ಬರನ್ನ ಕಾವಲುಗಾರ ಮುಂದಕ್ಕೆ ಹೋಗಿ ಅಂತ ಗದರಿಸಿದ್ನಂತೆ. ಅವರು ಸ್ವತಃ ಮಾಲೀಕ ರಾಕ್‌ಫೆಲರ್! ಆಮೇಲೆ 1938ರಲ್ಲಿ ಅಲ್ಲಿ ಜನ ನಿಂತು ನೋಡೋಕೆ ಅಂತಲೇ ಜಾಗ ಮಾಡಿ, ‘ಫುಟ್‌ಪಾತ್ ಸೂಪರಿಂಟೆಂಡೆಂಟ್’ಗಳ ಕ್ಲಬ್ ಅಂತ ಸದಸ್ಯತ್ವದ ಕಾರ್ಡನ್ನೂ ಕೊಟ್ರು. ನಮ್ಮ ದೇಶದ್ದು ಹೇಳಲೇಬೇಕಿಲ್ಲ. 2019ರಲ್ಲಿ ಜೆಸಿಬಿ ಮಣ್ಣು ಅಗೆಯೋದನ್ನ ನೋಡೋ ಜನರ ಮೀಮ್‌ಗಳಿಂದ ಇಡೀ ಇಂಟರ್ನೆಟ್ ತುಂಬಿಹೋಗಿತ್ತು. ಆಗ ನಾವು ಸ್ಕೂಲಲ್ಲಿದ್ವಿ, ಹಂಚಿಕೊಂಡು ನಕ್ಕಿದ್ವಿ. ಅವರನ್ನ ನೋಡಿ ನಗೋದೇನಿತ್ತು ಅಂತ ಈಗ ಅನ್ನಿಸುತ್ತೆ. ಹೈಡ್ರಾಲಿಕ್ಸ್ ಮೇಲೆ ಅವರಿಗಿದ್ದಷ್ಟು ಆಸಕ್ತಿ ನಮ್ಮ ಕ್ಲಾಸಲ್ಲಿ ಎಷ್ಟು ಜನಕ್ಕಿದೆ? ಲ್ಯಾಬಲ್ಲಿ ಐವರ ಬ್ಯಾಚು, ಒಬ್ಬ ರೀಡಿಂಗ್ ತಗೋತಾನೆ, ನಾಲ್ಕು ಜನ ಹೋದ ವರ್ಷದ ರೆಕಾರ್ಡ್ ನೋಡಿ ಬರೀತಾರೆ. ನಾವು ಮಷೀನ್ ಕಡೆ ತಲೆ ಎತ್ತೋದೇ ವೈವಾದಲ್ಲಿ ಅದನ್ನ ತೋರಿಸಿ ಇದೇನು ಅಂತ ಕೇಳಿದಾಗ.

ಇಲ್ಲಿಗೆ ನಿಲ್ಲಿಸಿದ್ದಿದ್ರೆ ಲೇಖನ ಚೆನ್ನಾಗೇ ಮುಗೀತಿತ್ತು. ನಮ್ಮ ಮೊದಲ ಡ್ರಾಫ್ಟ್ ಇಲ್ಲಿಗೇ ಮುಗಿದಿತ್ತು ಕೂಡ. ಆದ್ರೆ ಒಂದು ಪ್ರಶ್ನೆ ಉಳೀತು. ಈ ಪದ ಕಟ್ಟಿದ್ದು ಯಾರು?

ನೋಡ್ತಾ ನಿಂತವರಲ್ಲ. ದೋಣಿಯವರ ಬಾಯಲ್ಲಿದ್ದ ಮಾತು ಅದು. ನೋಡಿಸಿಕೊಂಡವರು ಕಟ್ಟಿದ್ದು. ರೈಲು ಬಂದ ಮೇಲೆ ಕಾಲುವೆಯ ಬಾಡಿಗೆ ಬಿತ್ತು. ಆಳಿಗೆ ಸಂಬಳ ಕೊಡೋಕಾಗದೆ ಎಷ್ಟೋ ದೋಣಿಯವರು ಹೆಂಡತಿ ಮಕ್ಕಳನ್ನೂ ದೋಣಿಗೇ ಹತ್ತಿಸ್ಕೊಂಡ್ರು. 70 ಅಡಿಯ ದೋಣಿಯಲ್ಲಿ ಹೆಚ್ಚುಕಮ್ಮಿ ಎಲ್ಲಾ ಸರಕಿಗೆ, ಸಂಸಾರಕ್ಕೆ ಸಿಗ್ತಿದ್ದಿದ್ದು ಹಿಂದಿನ ಸುಮಾರು 10 ಅಡಿಯ ಕ್ಯಾಬಿನ್. ನಮ್ಮ ಹಾಸ್ಟೆಲ್ ರೂಮು ಅದಕ್ಕಿಂತ ದೊಡ್ಡದು. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ಬಾಣಂತನ. ಮಕ್ಕಳು ಒಂದೂರಲ್ಲಿ ನಿಲ್ಲದ ಕಾರಣ ಶಾಲೆ ಇಲ್ಲ. ಜಾರ್ಜ್ ಸ್ಮಿತ್ ಅನ್ನೋರು ಹೋರಾಡಿದ ಮೇಲೆ 1877ರಲ್ಲೊಂದು, 1884ರಲ್ಲೊಂದು ಕಾನೂನು ಬಂದು, ಒಂದು ಕ್ಯಾಬಿನ್‌ನಲ್ಲಿ ಎಷ್ಟು ಜನ ಇರಬಹುದು ಅಂತ ಲೆಕ್ಕಕ್ಕೆ ಸಿಕ್ಕಿತು. ಈಗ ಯೋಚನೆ ಮಾಡಿ. ಲಾಕ್ ಬಂದಾಗಲೆಲ್ಲ ದೋಣಿ ನಿಲ್ಲಲೇಬೇಕು. ಪಟ್ಟಣದ ಜನ ಅಡ್ಡಾಡೋಕೆ ಬಂದು ಅಲ್ಲೇ ಸೇರ್ತಾರೆ. ಅವರು ನೋಡೋದು ಗೇಟನ್ನ ಮಾತ್ರವಾ? ತೆರೆದ ಬಾಗಿಲಿಂದ ಒಳಗಿರೋ ಪಾತ್ರೆ, ಒಣಗಿ ಹಾಕಿದ ಬಟ್ಟೆ, ಮಗುಗೆ ಹಾಲು ಕೊಡ್ತಿರೋ ತಾಯಿ ಎಲ್ಲಾ ಅವರ ಕಣ್ಣಿಗೆ ಬಿಟ್ಟಿ ಪ್ರದರ್ಶನ. ಪರದೆ ಎಳೆಯೋಕೆ ಒಂದು ಕೈ ಬಿಡುವಿಲ್ಲದ ಕೆಲಸದ ಮಧ್ಯೆ ಅವರಿಗೆ ಇದ್ದ ಒಂದೇ ಸೇಡು ಅಂದ್ರೆ ನೋಡೋರಿಗೆ ಒಂದು ಅಡ್ಡಹೆಸರಿಡೋದು.

ಆಮೇಲೆ ಪದಕ್ಕೆ ಏನಾಯ್ತು ನೋಡಿ. 1944ರಲ್ಲಿ ಎಲ್.ಟಿ.ಸಿ. ರೋಲ್ಟ್ ತಮ್ಮ ‘ನ್ಯಾರೋ ಬೋಟ್’ ಪುಸ್ತಕದಲ್ಲಿ ಅದನ್ನ ಬಳಸಿ ಹೊರಜಗತ್ತಿಗೆ ಪರಿಚಯ ಮಾಡಿದ್ರು. (ರೋಲ್ಟ್ ಕೂಡ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಕಲಿತ ಎಂಜಿನಿಯರ್.) 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತು, ಅದಾಗಲೇ ಉಸಿರಾಡ್ತಿದ್ದ ಸರಕು ದೋಣಿಗಳ ಕಾಲ ಹೆಚ್ಚುಕಮ್ಮಿ ಮುಗೀತು. ಸಂಸಾರಗಳು ದಡ ಸೇರಿದವು. ಈಗ ದೋಣಿಯಲ್ಲಿರೋರು ಬಹುತೇಕ ರಜೆಗೆ ಬಂದವರು, ದಂಡೆ ಮೇಲೂ ರಜೆಗೆ ಬಂದವರು. ನಾನೊಬ್ಬ ಗಾಂಗೂಜ್ಲರ್ ಅಂತ ಜನ ಹೆಮ್ಮೆಯಿಂದ ಹೇಳ್ಕೋತಾರೆ, ಆ ಹೆಸರಿನ ಒಂದು ದೋಣಿ-ಕೆಫೆನೂ ಬಂತು. ಬೈಯೋರು ಹೊರಟುಹೋದ ಮೇಲೆ ಬೈಗುಳ ಮುದ್ದಾಯ್ತು. ನಮಗೆ ಪದ ಮುದ್ದಾಗಿ ಕಂಡಿದ್ದೂ ಅದಕ್ಕೇ. ಬೈಯೋ ಧ್ವನಿ ನಮ್ಮ ತನಕ ಬಂದಿರಲಿಲ್ಲ.

ಬಂದಿದ್ದು ಹೋದ ತಿಂಗಳು. ಹಾಸ್ಟೆಲ್ ಹಿಂದೆ ಹೊಸ ಬ್ಲಾಕ್ ಏಳ್ತಿರೋದು, ಮೂರನೇ ಮಹಡಿ ಕಾರಿಡಾರಿಂದ ನಾವೆಲ್ಲ ಟೀ ಲೋಟ ಹಿಡ್ಕೊಂಡು ನೋಡೋದು ಹೊಸದೇನಲ್ಲ. ಒಂದಿನ ಸ್ಲ್ಯಾಬ್ ಹಾಕೋವಾಗ ನಾವು ನಾಲ್ಕು ಜನ ಕೆಳಗೆ ಹೋದ್ವಿ. ಅಲ್ಲಿನ ಮೇಸ್ತ್ರಿ ಉತ್ತರ ಕರ್ನಾಟಕದ ಕಡೆಯವರು. ನಮ್ಮನ್ನ ನೋಡಿ, “ದಿನಾ ಮ್ಯಾಲ ನಿಂತು ನೋಡ್ತಿದ್ರಿ, ಇವತ್ತ ಕೆಳಗ ಬಂದ್ರೇನ್ರಿ” ಅಂದ್ರು. ಒಬ್ಬ ಹುಡುಗ ಕಂಬದ ಶಟರಿಂಗ್‌ಗೆ ಸುತ್ತಿಗೆಯಿಂದ ಬಡೀತಾ ಸುತ್ತು ಹೊಡೀತಿದ್ದ. ಯಾಕೆ ಅಂತ ಕೇಳಿದ್ವಿ. ಸದ್ದು ಗಟ್ಟಿ ಬಂದ್ರ ತುಂಬೇತಿ, ಡಬ್ ಅಂದ್ರ ಒಳಗ ಪೊಳ್ಳು, ಅಂತಂದು ನಮ್ಮ ಕೈಗೇ ಸುತ್ತಿಗೆ ಕೊಟ್ರು. ಹನಿಕೂಂಬಿಂಗ್ ಬಗ್ಗೆ ಐದು ಮಾರ್ಕಿನ ಉತ್ತರ ಬರೆದವರೇ ನಾವೆಲ್ಲ. ಅದಕ್ಕೊಂದು ಸದ್ದಿದೆ ಅಂತ ಗೊತ್ತಿರಲಿಲ್ಲ.

ಹೊರಡೋವಾಗ ಅವರು ನಮ್ಮನ್ನ ಸ್ವಲ್ಪ ಪಕ್ಕಕ್ಕೆ ಕರೆದ್ರು. ಧ್ವನಿ ಏರಿಸಲಿಲ್ಲ. “ಕೆಲಸ ಎಷ್ಟರ ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಜಳಕ ಮಾಡೂದು ಯಾಕ ವಿಡಿಯೋ ಮಾಡ್ತೀರಿ? ನಮ್ಮ ಹುಡುಗನ ತಂಗಿ ಊರಾಗ ಕುಂತು ನೋಡ್ಯಾಳ ಅದನ್ನ.”

ಯಾವ ವಿಡಿಯೋ ಅಂತ ನಮಗೆ ಕೇಳೋ ಅಗತ್ಯ ಇರಲಿಲ್ಲ. ತಗಡಿನ ಶೆಡ್ ಪಕ್ಕ ಡ್ರಮ್ ಇಟ್ಕೊಂಡು ಸ್ನಾನ ಮಾಡ್ತಿರೋ ಹುಡುಗ, ಚಡ್ಡಿಯಲ್ಲೇ ಏನೋ ಹಾಡಿಗೆ ಸೊಂಟ ಕುಣಿಸ್ತಾನೆ, ಹಿನ್ನೆಲೆಗೆ ಟ್ರೆಂಡಿಂಗ್ ಮ್ಯೂಸಿಕ್. ಕಾರಿಡಾರಿಂದಲೇ ಝೂಮ್ ಮಾಡಿ ತೆಗೆದಿದ್ದು. ತೆಗೆದವರು ಕ್ಲಬ್ಬಿನವರಲ್ಲ, ಆ ಮಾತು ಹೇಳಿ ತಪ್ಪಿಸ್ಕೊಳ್ಳೋಕೆ ಬರಲ್ಲ, ಯಾಕಂದ್ರೆ ನಮ್ಮ ಗುಂಪಿಗೂ ಅದು ಬಂದಿತ್ತು, ನಾವೂ ನಗೋ ಎಮೋಜಿ ಹಾಕಿ ಮುಂದಕ್ಕೆ ಕಳಿಸಿದ್ವಿ. ಅವರ ಶೆಡ್‌ಗೆ ಗೋಡೆ ಇಲ್ಲದ ಬಚ್ಚಲು, ನಮಗೆ ಮೂರನೇ ಮಹಡಿಯ ಬಾಲ್ಕನಿ. ಅದೇ ಲಾಕು, ಅದೇ ದೋಣಿ. ಈ ಸಲ ದಂಡೆ ಮೇಲಿನವರ ಕೈಯಲ್ಲಿ ಕ್ಯಾಮೆರಾನೂ ಇದೆ, ಅದು ನೋಡೋದನ್ನ ನಿಲ್ಲಿಸೋದೇ ಇಲ್ಲ. ಗಾಂಗೂಜ್ಲರ್ ಎಷ್ಟೇ ಹೊತ್ತು ನಿಂತ್ರೂ ಕತ್ತಲಾದ ಮೇಲೆ ಮನೆಗೆ ಹೋಗ್ತಿದ್ದ.

ಕೆಲವರು ಹೇಳಿದ್ರು, ಇದರಲ್ಲೇನಿದೆ, ಅವನೇ ಕುಣೀತಿದ್ನಲ್ಲ, ಬಯಲಲ್ಲಿ ತಾನೆ ಇದ್ದಿದ್ದು ಅಂತ. ಬಯಲಲ್ಲಿ ಸ್ನಾನ ಮಾಡೋದು ಅವನ ಆಯ್ಕೆ ಅಲ್ಲ. ಕ್ಯಾಂಪಸ್ಸಿಗೆ ಕಟ್ಟಡ ಬೇಕು, ಕಟ್ಟೋರಿಗೆ ಬಚ್ಚಲು ಬೇಡ ಅನ್ನೋ ವ್ಯವಸ್ಥೆಯದು ಆ ಆಯ್ಕೆ. ಇನ್ನು ಕುಣಿದಿದ್ದು ಯಾರೂ ನೋಡ್ತಿಲ್ಲ ಅನ್ನೋ ಖುಷಿಗೆ. ನಮ್ಮ ಬಾತ್‌ರೂಮ್ ಹಾಡುಗಳನ್ನ ಯಾರಾದ್ರೂ ಝೂಮ್ ಮಾಡಿ ಊರಿಗೆ ಕಳಿಸಿದ್ರೆ ಹೇಗಿರುತ್ತೆ ಅಂತ ಅವರನ್ನ ಕೇಳಿದ್ವಿ. ಉತ್ತರ ಬರಲಿಲ್ಲ.

ವಿಡಿಯೋ ಹಾಕಿದವರ ಹತ್ರ ಮಾತಾಡಿದ್ದೀವಿ, ಮೂಲದ ಪೋಸ್ಟ್ ತೆಗೆದಿದ್ದಾರೆ. ಆದ್ರೆ ಫಾರ್ವರ್ಡ್ ಆದ ಕಾಪಿಗಳು ನಿಮ್ಮ ನಿಮ್ಮ ಗ್ರೂಪಲ್ಲಿ ಇನ್ನೂ ಇವೆ, ನಮಗೆ ಗೊತ್ತು. ದಯವಿಟ್ಟು ಅಳಿಸಿ. ಯಾರ ಹೆಸರನ್ನೂ ಇಲ್ಲಿ ಹಾಕ್ತಿಲ್ಲ, ಹಾಕೋದಾದ್ರೆ ನಮ್ಮಿಂದಲೇ ಶುರುಮಾಡಬೇಕಾಗುತ್ತೆ. ಶೆಡ್ ಹತ್ರ ತಗಡಿನ ಮರೆ ಕಟ್ಟಿಸಿಕೊಡಿ ಅಂತ ಒಂದು ಅರ್ಜಿ ಬರೆದಿದ್ದೀವಿ, ಸಹಿ ಹಾಕೋರು ಲೈಬ್ರರಿ ಮೆಟ್ಟಿಲ ಹತ್ರ ಸಿಗಿ. ಅರ್ಜಿ ಕನ್ನಡದಲ್ಲಿದೆ, ಮೇಸ್ತ್ರಿಗೂ ಓದಿ ತೋರಿಸಿದ್ವಿ. ಒಂದು ವಾಕ್ಯ ಅವರೇ ತಿದ್ದಿಸಿದ್ರು. ‘ಕಾರ್ಮಿಕರ ಅನುಕೂಲಕ್ಕಾಗಿ’ ಅಂತ ನಾವು ಬರೆದಿದ್ದನ್ನ ತೆಗೆಸಿ ‘ಮರ್ಯಾದೆಗಾಗಿ’ ಅಂತ ಮಾಡಿಸಿದ್ರು.

ಪದ ಮಾತ್ರ ಇನ್ನೂ ಸಿಕ್ಕಿಲ್ಲ. ಕಳೆದ ಶುಕ್ರವಾರ ಮತ್ತೆ ಪ್ರಯತ್ನ ಮಾಡಿದ್ವಿ. ‘ಬಾಯ್ಬಿಡುಕ’ ಬೇಡ ಅಂತಾಯ್ತು, ಅದು ನಾವೇ ನಮಗೆ ಇಟ್ಕೊಂಡ ಮುದ್ದಿನ ಹೆಸರಿನ ಥರ ಇದೆ. ಕೆಳಗಿದ್ದವರು ನಮ್ಮನ್ನ ಏನಂತ ಕರೀತಾರೆ ಅಂತ ಮೇಸ್ತ್ರಿ ಹತ್ರ ಕೇಳಿಬಿಡೋಣ ಅಂತ ಒಬ್ಬಳು ಅಂದ್ಲು. ಕೇಳಿದ್ವಿ. ಅವರು ಜೋರಾಗಿ ನಕ್ಕು, ಅದನ್ನ ಪತ್ರಿಕೆದಾಗ ಹಾಕಾಕ ಬರಂಗಿಲ್ಲ ಬಿಡ್ರಿ ಅಂದ್ರು. ಮುಂದಿನ ಸ್ಲ್ಯಾಬ್ ಶನಿವಾರ ಬೆಳಿಗ್ಗೆ ಏಳಕ್ಕೆ. ನೋಡೋಕೆ ಬರೋರು ಶೂ ಹಾಕ್ಕೊಂಡು ಬರಬೇಕಂತೆ, ಚಪ್ಪಲಿಯಲ್ಲಿ ಬಂದ್ರೆ ಒಳಗೆ ಬಿಡಲ್ಲ.